ಅದಲುಬದಲಾದ ಅಳತೆ

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗ ಬೀಗ ನೆಟ್ಟಗೇ ಇತ್ತು. ಗಾಜು ಒಡೆದಿರಲಿಲ್ಲ. ಚರ್ಮದ ಒಂದು ತುಂಡೂ ಕಳುವಾಗಿರಲಿಲ್ಲ. ಕಂಪ್ಯೂಟರ್ ಮಾತ್ರ ಬರಿದಾಗಿತ್ತು.

"ಎಲ್ಲಾ ಹೋಯ್ತು ಭಾವ," ಎಂದಳು ಯಜಮಾನಿ. "ಅವರು ಇನ್ನೊಂದ್ಸಲ ತೀರಿಕೊಂಡ ಹಾಗಾಯ್ತು."

ಭಾವ ಎಂದರೆ ಅವಳ ಗಂಡನ ಅಣ್ಣ, ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಇನ್‌ಸ್ಪೆಕ್ಟರ್. ಅವರ ತಮ್ಮ, ಅಂದರೆ ಯಜಮಾನಿಯ ಗಂಡ, ಸತ್ತು ವರ್ಷ ತುಂಬಿರಲಿಲ್ಲ. ಅವನು ಬೂಟು ಹೊಲಿಯುತ್ತಿದ್ದ. ಎಲ್ಲರಿಗೂ ಅಲ್ಲ, ಒಂದು ಕಾಲು ಗಿಡ್ಡವಾದವರಿಗೆ, ಪಾದ ಸೊಟ್ಟಗಾದವರಿಗೆ. ಯಾರಿಗೆ ಅಟ್ಟೆ ಎಷ್ಟು ಎತ್ತರ ಬೇಕು, ಯಾರ ಬೆರಳು ಎಲ್ಲಿ ಒತ್ತುತ್ತದೆ, ಹೋದ ಸಲ ಯಾವ ಮೆತ್ತೆ ಹಿತವಾಯಿತು, ಎಲ್ಲವೂ ಆ ಹಳೆಯ ಯಂತ್ರದಲ್ಲಿತ್ತು. ಅದು ಆಗಾಗ ಕೆಟ್ಟು ನಿಲ್ಲತೊಡಗಿದ್ದರಿಂದ ಮಾಹಿತಿಯನ್ನು ಹೊಸ ಕಂಪ್ಯೂಟರಿಗೆ ಸಾಗಿಸುವ ಏರ್ಪಾಡಾಗಿತ್ತು. ಸಾಗಿಸಬೇಕಾದ ದಿನ ಆ ಸೋಮವಾರವೇ. ಆ ಅಳತೆಗಳಿಲ್ಲದೆ ಅಂಗಡಿಯಿಲ್ಲ. ಅಂಗಡಿಯಿಲ್ಲದೆ ಯಜಮಾನಿಗೆ ಬೇರೆ ಆಸರೆಯಿಲ್ಲ.

ಸಾಗಿಸಲು ಬಂದಿದ್ದ ಕಂಪ್ಯೂಟರ್ ಮೇಡಂ ಮುಖ ಬಿಳಿಚಿಕೊಂಡಿತ್ತು. "ಹಳೇದರಲ್ಲಿ ಅಳಿಸಿದ್ದಾರೆ. ಕಾಪಿ ಡಿಸ್ಕಲ್ಲೂ ಅಳಿಸಿದ್ದಾರೆ. ಪರೀಕ್ಷೆಗೆ ಅಂತ ಹೊಸದರಲ್ಲಿ ಒಂದು ನಕಲು ಇಟ್ಟಿದ್ದೆ, ಅದೂ ಇಲ್ಲ ಸರ್."

"ಅಳಿಸೋ ಮುಂಚೆ ಕದ್ದಿರಬಹುದಾ?"

"ಕದ್ದೇ ಇರ್ತಾರೆ. ಸುಮ್ನೆ ಅಳಿಸಿ ಯಾರಿಗೇನು ಬಂತು?"

* * *

ಬಾಗಿಲಿನ ಕೀಲಿ ಇದ್ದದ್ದು ನಾಲ್ವರ ಬಳಿ: ಯಜಮಾನಿ, ಮೇಡಂ, ಹಳೆಯ ಮೇಸ್ತ್ರಿ ಮತ್ತು ಯಜಮಾನಿಯ ತಮ್ಮ ಚಿಕ್ಕ. ಚಿಕ್ಕ ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಅಕ್ಕನ ಹಿಂದೆ ಬಂದವನು. ಅವನ ಕೈ ಹಿಡಿದು ಚರ್ಮ ಕತ್ತರಿಸುವುದನ್ನು ಕಲಿಸಿದ್ದು ಯಜಮಾನಿಯ ತೀರಿಹೋದ ಗಂಡನೇ.

ಅಕ್ಕನ ಪಕ್ಕ ಕುಳಿತು ಚಿಕ್ಕ ಕಣ್ಣೊರೆಸಿಕೊಂಡ. "ಹೊರಗಿನೋಳ ಕೈಗೆ ಕೀಲಿ ಕೊಡ್ಬೇಡ ಅಂತ ಬಡ್ಕೊಂಡೆ. ನನ್ನ ಮಾತು ಯಾರು ಕೇಳ್ತಾರೆ?"

ಇನ್‌ಸ್ಪೆಕ್ಟರಿಗೆ ಮೊದಲು ಅನುಮಾನ ಬಂದದ್ದು ಮೇಸ್ತ್ರಿಯ ಮೇಲೆ. ಹೊಸ ಯಂತ್ರ ಬೇಡವೆಂದು ಅವನು ರಂಪ ಮಾಡಿದ್ದ.

"ನನ್ನ ಮೇಲಾ ಇನ್‌ಸ್ಪೆಕ್ಟ್ರೇ?" ಮೇಸ್ತ್ರಿ ಉಳಿ ಕೆಳಗಿಟ್ಟ. "ಫೋನಲ್ಲಿ ಅಲಾರಂ ಬಾಯಿ ಮುಚ್ಚಿಸೋಕೇ ನಂಗೆ ಮೊಮ್ಮಗಳು ಬೇಕು. ಇನ್ನು ಕಂಪ್ಯೂಟರ್ ಕಳ್ಳತನ ಮಾಡ್ತೀನಾ?"

* * *

ಕೆಲವು ವಾರಗಳಲ್ಲಿ ಗಿರಾಕಿಗಳು ಕಡಿಮೆಯಾದರು. ಒಂದು ಮಧ್ಯಾಹ್ನ ಹಳೆಯ ಗಿರಾಕಿಯಾದ ಟೀಚರಮ್ಮ ಗೋಡೆ ಹಿಡಿದುಕೊಂಡು ಒಳಬಂದರು. ಕಾಲಲ್ಲಿ ಹೊಸ ಬೂಟು.

"ನಿಮ್ಮಂಗಡಿ ಮುಚ್ಚಿತು ಅಂತ ಆಚೆ ಬೀದಿ ಹೊಸ ಅಂಗಡಿಯೋರು ಫೋನ್ ಮಾಡಿದ್ರು. ಅಳತೆನೂ ತಗೊಳ್ದೆ ಹೊಲಿದು ಕೊಟ್ರು. ಹಾಕ್ಕೊಂಡು ಮೆಟ್ಟಿಲಿಳೀತಾ ಮುಗ್ಗರಿಸಿದೆ. ದೇವರು ದೊಡ್ಡೋನು, ಮೂಳೆ ಮುರೀಲಿಲ್ಲ."

ಮೇಸ್ತ್ರಿ ಬೂಟು ತಿರುಗಿಸಿ ನೋಡಿದ. "ಅಳತೆ ಕೂದಲೆಳೆ ತಪ್ಪಿಲ್ಲ. ಆದ್ರೆ ಎತ್ತರದ ಅಟ್ಟೆ ಎಡಗಾಲಿಗೆ ಬೇಕು, ಇವರು ಬಲಕ್ಕೆ ಕೂರಿಸಿದ್ದಾರೆ."

ಇನ್‌ಸ್ಪೆಕ್ಟರಿಗೆ ತಮ್ಮನ ಅಭ್ಯಾಸ ನೆನಪಾಯಿತು. ಗಿರಾಕಿಯ ಎದುರು ಕುಳಿತು ಅಳೆಯುತ್ತಿದ್ದ ಅವನು ತನ್ನ ಎಡಕ್ಕೆ ಕಂಡ ಪಾದವನ್ನೇ 'ಎಡ' ಎಂದು ನಮೂದಿಸುತ್ತಿದ್ದ. ಹೊಲಿಯುವಾಗ ಎಡಬಲ ತಿರುಗಿಸಿಕೊಳ್ಳುವುದು ಆ ಅಂಗಡಿಯ ರೂಢಿ.

"ಹಾಗಾದ್ರೆ ನಮ್ಮ ರೂಢಿ ಗೊತ್ತಿಲ್ಲದ ಹೊರಗಿನವನೇ ಕಳ್ಳ," ಎಂದರು.

"ಇಲ್ಲ ಸರ್," ಎಂದಳು ಮೇಡಂ. "ಹಳೇ ಮಾಹಿತಿ ಬೇರೆ ಕಂಪ್ಯೂಟರಲ್ಲಿ ತೆರೆಯೋದೇ ಇಲ್ಲ. ಅವರು ಓದೋಕಾಗೋದು ನನ್ನ ಪರೀಕ್ಷೆ ನಕಲನ್ನ ಮಾತ್ರ. ಅದರಲ್ಲಿ ಎಡಬಲ ಸರಿಮಾಡಿಟ್ಟಿದ್ದೆ."

ಇನ್‌ಸ್ಪೆಕ್ಟರ್ ಕುರ್ಚಿಯಲ್ಲಿ ಕುಸಿದರು.

* * *

ಅವರು ಎಲ್ಲರನ್ನೂ ಕೆಲಸದ ಕೋಣೆಗೆ ಕರೆದರು.

"ಕದ್ದ ನಕಲಲ್ಲಿ ಎಡ ಅಂದ್ರೆ ಎಡವೇ. ಹೊರಗಿನವನು ಕದ್ದಿದ್ರೆ ಇದ್ದ ಹಾಗೇ ಹೊಲಿಸ್ತಿದ್ದ, ಬೂಟು ಸರಿಯಾಗಿರ್ತಿತ್ತು. ಇದನ್ನ ತಿರುಗಿಸಿದ್ದಾರೆ. ತಿರುಗಿಸೋ ಅಭ್ಯಾಸ ಇರೋದು ಈ ಅಂಗಡಿಯೋರಿಗೆ. ಆದ್ರೆ ಸರಿಮಾಡಿದ ವಿಷಯ ಅವನಿಗೆ ಗೊತ್ತಿರಲಿಲ್ಲ. ಸಾಗಿಸೋದು ಹೇಗೆ ಅಂತ ಮಾತಾಡೋಕೆ ಕೂತಾಗ ಮೇಡಂ ಅದನ್ನ ಹೇಳಿದ್ರಂತಲ್ಲ?"

"ಹೇಳಿದ್ರು," ಎಂದ ಮೇಸ್ತ್ರಿ. "ಯಜಮಾನ್ರನ್ನೇ ತಿದ್ದೋಷ್ಟು ದೊಡ್ಡೋರಾದ್ರಾ ಅಂತ ನಾನು ಜಗಳಾನೂ ಆಡಿದ್ದೆ."

"ಅವತ್ತು ಯಾರಿರಲಿಲ್ಲ?"

ಯಜಮಾನಿ ಮೆಲ್ಲನೆ ತಮ್ಮನತ್ತ ತಿರುಗಿದಳು. "ಚರ್ಮ ತರೋಕೆ ಹೋಗ್ತೀನಿ ಅಂದಿದ್ಯಲ್ಲೋ."

ಚಿಕ್ಕ ಎದ್ದು ನಿಂತ. "ಆ ಅಂಗಡೀಲಿ ಪಾಲು ಕೊಡ್ತೀನಿ ಅಂದ್ರು ಅಕ್ಕ. ಇಲ್ಲಿ ಹುಡುಗನಾಗಿದ್ದಾಗಿಂದ ದುಡಿದೆ. ಭಾವ ಸಾಯುವಾಗ ನಂಗೇನು ಬಿಟ್ಟುಹೋದ್ರು?"

"ಚರ್ಮ ಕತ್ತರಿಸೋ ಆ ಕೈ ಯಾರು ಕೊಟ್ಟಿದ್ದು?" ಎಂದ ಮೇಸ್ತ್ರಿ.

ಯಜಮಾನಿ ಬೈಯಲಿಲ್ಲ, ಅಳಲೂ ಇಲ್ಲ. "ಕೇಳಿದ್ರೆ ಅಂಗಡೀನೇ ಬರೆದುಕೊಡ್ತಿದ್ದೆನಲ್ಲೋ," ಎಂದಳು. "ನನ್ನ ಪಕ್ಕದಲ್ಲೇ ಕೂತು ಅಳ್ತಿದ್ಯಲ್ಲ. ಆ ಕಣ್ಣೀರೂ ಸುಳ್ಳಾ?"

ಚಿಕ್ಕ ತನ್ನ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟ. ಮೇಡಂ ಅದನ್ನು ಹೊಸ ಕಂಪ್ಯೂಟರಿಗೆ ಸಿಕ್ಕಿಸಿದಳು. ಅಳತೆಗಳು ಒಂದೊಂದಾಗಿ ಮೂಡಿದವು.

"ಠಾಣೆಗೆ ನಾನೇ ಕರ್ಕೊಂಡು ಹೋಗ್ತೀನಿ," ಎಂದರು ಇನ್‌ಸ್ಪೆಕ್ಟರ್. ಯಜಮಾನಿ ಬೇಡವೆನ್ನಲಿಲ್ಲ.

ಅಷ್ಟು ವರ್ಷ ಕಳ್ಳರನ್ನು ಹಿಡಿದ ಮನುಷ್ಯನಿಗೆ ಅಂದು ಗೆದ್ದೆ ಅನಿಸಲಿಲ್ಲ. ಹೊಸ್ತಿಲಲ್ಲಿ ನಿಂತು ಕಣ್ಣು ಮುಚ್ಚಿ ಕೈ ಮುಗಿದರು. ದೇವರೇ, ನನ್ನ ತಮ್ಮ ಸಾಕಿ ಬೆಳೆಸಿದವನನ್ನು ನಾನೇ ಕರೆದುಕೊಂಡು ಹೊರಟಿದ್ದೇನೆ. ಈ ಸುದ್ದಿ ಅವನಿಗೆ ಮುಟ್ಟಿಸಬೇಡ. ಮುಟ್ಟಲೇಬೇಕೆಂದಿದ್ದರೆ ಕ್ಷಮಿಸುವ ಮನಸ್ಸನ್ನೂ ಅವನಿಗೇ ಕೊಡು, ನನ್ನಲ್ಲಿ ಅದು ಉಳಿದಿಲ್ಲ. ಅವನ ಆತ್ಮಕ್ಕೆ ಶಾಂತಿ ಸಿಗಲಿ.