ಗಿಲಕಿ ಸದ್ದಾಗುವವರೆಗೆ

ಸುದ್ದಿ ಬಂದಾಗ ನಾನು ನಮ್ಮವರ ಕಾಲುಚೀಲದಿಂದ ಹುಲ್ಲಿನ ಮುಳ್ಳು ಬಿಡಿಸುತ್ತಿದ್ದೆ. ಹಿಂದಿನ ದಿನ ಎದೆನೋವೆಂದು ಅವರನ್ನು ಆಸ್ಪತ್ರೆಗೆ ಸೇರಿಸಿದ್ದೆವು. ಬೆಳಿಗ್ಗೆ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರ್ ಹೇಳಿದ್ದರು. ಮನೆಗೆ ಬಂದ ಕೂಡಲೇ ರಸ್ತೆ ನೋಡಲು ಓಡುವ ಮನುಷ್ಯ; ಕಾಲುಚೀಲ ಸಿದ್ಧವಿರಲಿ ಎಂದು ಕುಳಿತಿದ್ದೆ.

ಮಗಳು ಫೋನನ್ನು ಕಿವಿಯಿಂದ ಇಳಿಸಿ ನನ್ನೆದುರು ನೆಲದ ಮೇಲೆ ಕುಳಿತಳು. "ಅಮ್ಮಾ," ಎಂದಳು. ಮುಂದಿನ ಮಾತು ಅವಳ ಬಾಯಿಂದ ಹೊರಡಲಿಲ್ಲ. ಹೊರಡಬೇಕಾಗಿಯೂ ಇರಲಿಲ್ಲ.

ಹಿಡಿದಿದ್ದ ಮುಳ್ಳನ್ನು ಪೂರ್ತಿ ಬಿಡಿಸಿಯೇ ನಾನು ಅತ್ತದ್ದು. ಕೆಲಸವನ್ನು ಅರ್ಧಕ್ಕೆ ಬಿಟ್ಟರೆ ಅವರಿಗೆ ಆಗುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮನೆಯ ತುಂಬ ರಸ್ತೆ ಇಲಾಖೆಯವರೇ ಸೇರಿದ್ದರು. ಅವರ ನಡುವಿನಿಂದ ರಾಕೆಟ್ ಮುಂದೆ ಬಂದ. ರಸ್ತೆಬದಿಯ ಹುಲ್ಲು ಕತ್ತರಿಸುವ ಟ್ರ್ಯಾಕ್ಟರನ್ನು ನಮ್ಮವರ ನಂತರ ಓಡಿಸುತ್ತಿರುವವನು ಅವನೇ. ಆಮೆಯೂ ಹಾರ್ನ್ ಹೊಡೆದು ಮುಂದೆ ಹೋಗುವಷ್ಟು ನಿಧಾನ ಎಂದು ನಮ್ಮವರೇ ಆ ಹೆಸರಿಟ್ಟಿದ್ದರು. ಈಗ ಅವನೇ ಅಜ್ಜನಾಗಿದ್ದಾನೆ, ಹೆಸರು ಮಾತ್ರ ಬಿಟ್ಟು ಹೋಗಿಲ್ಲ.

"ಅಮ್ಮಾ, ನಾವೆಲ್ಲ ಮಾತಾಡ್ಕೊಂಡಿದ್ದೀವಿ. ನಾಳೆ ಯಜಮಾನ್ರು ಹೋಗೋ ದಾರೀಲಿ, ನಿಮ್ಮ ಗೇಟಿಂದ ಸ್ಮಶಾನದವರೆಗೆ, ಎರಡೂ ಕಡೆ ನುಣ್ಣಗೆ ಕತ್ತರಿಸಿಬಿಡ್ತೀವಿ. ಹೇಗೂ ಕೊಯ್ಯೋ ಕಾಲ ಬಂತಲ್ಲ. ಒಂದು ಕಡ್ಡಿ ಎದ್ದು ನಿಲ್ಲಬಾರದು. ಅವರ ಋಣ ನಮ್ಮ ಕೈಲಿ ಅಷ್ಟಾದರೂ ತೀರಲಿ."

ಅವನ ಕಣ್ಣು ಕೆಂಪಾಗಿತ್ತು. ನಾನು ತಲೆ ತಗ್ಗಿಸಿದೆ. ಅವನು ಅದನ್ನೇ ಒಪ್ಪಿಗೆ ಎಂದುಕೊಂಡು ಹೊರಟ.

ಆ ಬದಿಗಳಲ್ಲಿ ಗಿಲಕಿ ಗಿಡದ ಕಾಯಿ ಇನ್ನೂ ಹಸಿರಾಗಿತ್ತು. ಹಳದಿ ಹೂವಿನ, ಮೊಣಕಾಲೆತ್ತರದ ಗಿಡ ಅದು. ಕಾಯಿ ಬಲಿತು ಒಣಗಿದಾಗ ಬೀಜ ಒಳಗೆ ಮಗುವಿನ ಗಿಲಕಿಯಂತೆ ಸದ್ದು ಮಾಡುತ್ತದೆ. ಒಂದೇ ವರ್ಷ ಬದುಕುತ್ತದೆ. ಬೀಜ ಬೀಳುವ ಮೊದಲೇ ಕತ್ತರಿಸಿದರೆ ಮುಂದಿನ ವರ್ಷ ಗಿಡವೂ ಇಲ್ಲ, ಅದನ್ನು ಹುಡುಕಿ ಬರುವ ಚಿಟ್ಟೆಯೂ ಇಲ್ಲ. ನಾವಿಬ್ಬರೂ ಒಂದು ಆಯುಷ್ಯ ಹಾಕಿ ಬೆಳೆಸಿದ್ದು ಅವರ ಗೌರವಕ್ಕೆಂದೇ ಒಂದು ಸಂಜೆಯಲ್ಲಿ ನೆಲಸಮವಾಗುತ್ತಿತ್ತು.

ನಾನು ಆ ರಸ್ತೆಗೆ ಮೊದಲು ಹೋದದ್ದು ಹೊಸ ಜೂನಿಯರ್ ಇಂಜಿನಿಯರ್ ಆಗಿ. ಕೆಂಪು ಟ್ರ್ಯಾಕ್ಟರೊಂದು ಹೂವುಗಳನ್ನು ನುಂಗುತ್ತಾ ಬರುತ್ತಿತ್ತು. ಹಿಂದೆಮುಂದೆ ನೋಡದೆ ಅದರ ಎದುರಿಗೆ ನಿಂತುಬಿಟ್ಟೆ. ಡ್ರೈವರ್ ಬ್ರೇಕ್ ಒತ್ತಿ, ಸೀಟಿನಿಂದ ಬಾಗಿ ಕೇಳಿದರು.

"ಏನ್ ಮೇಡಂ, ಹಾವಾ?"

"ಹಾವಲ್ಲ, ನಾನು."

"ಅದು ಕಾಣ್ತಿದೆ. ಹಾವಾಗಿದ್ರೆ ಇಷ್ಟೊತ್ತಿಗೆ ಪಕ್ಕಕ್ಕೆ ಹೋಗಿರ್ತಿತ್ತು."

"ಈ ಹೂ ಬೀಜ ಬಿಡೋವರೆಗೆ ಇಲ್ಲಿ ಕತ್ತರಿಸೋ ಹಾಗಿಲ್ಲ."

"ಯಾರ ಆರ್ಡರು?"

"ನನ್ನದು."

ಅವರು ಎಂಜಿನ್ ಆಫ್ ಮಾಡಿದರು. ಹುಬ್ಬಿನ ಮೇಲೆ ಹುಲ್ಲಿನ ಚೂರೊಂದು ಅಂಟಿತ್ತು. ಅದರ ಕೆಳಗಿನ ಕಣ್ಣು ನನ್ನ ಧೂಳು ಹಿಡಿದ ಚಪ್ಪಲಿಯಿಂದ ಹೊರಟು ಸಾವಕಾಶವಾಗಿ ಮೇಲೆ ಬಂದು, ನನ್ನ ಕೂದಲಿಗೆ ಸಿಕ್ಕಿದ್ದ ಹಳದಿ ಎಸಳಿನ ಮೇಲೆ ನಿಂತಿತು.

"ಆರ್ಡರು ಚೆನ್ನಾಗಿದೆ," ಎಂದರು. ಆರ್ಡರನ್ನು ನೋಡಿ ಹೇಳಿದ ಮಾತಲ್ಲ ಅದು. ನನ್ನ ಕಿವಿ ಬಿಸಿಯಾಯಿತು.

ಹುಲ್ಲು ಬೆಳೆಯಿತು. ಇಲಾಖೆಯವರು ನಿದ್ದೆ ಹೊಡೆಯುತ್ತಿದ್ದಾರೆ ಎಂದು ಊರವರು ದೂರು ಕೊಟ್ಟರು. ಮೇಲಿನ ಸಾಹೇಬರು ನನ್ನನ್ನು ಕರೆಸಿ ಗದರಿದರು. ಆ ಸಂಜೆ ಡ್ರೈವರ್ ನನ್ನನ್ನು ತಿರುವಿಗೆ ಕರೆದುಕೊಂಡು ಹೋಗಿ, ರಸ್ತೆಬದಿಯ ಕಲ್ಲಿನ ಮೇಲೆ ಕೂರಿಸಿದರು.

"ಈಗ ನೋಡಿ ಮೇಡಂ. ಎದುರಿಂದ ಬರೋ ಸೈಕಲ್ ಕಾಣುತ್ತಾ?"

ಬೆಲ್ ಕೇಳಿಸಿತು, ಸೈಕಲ್ ಕಾಣಲಿಲ್ಲ.

"ಅಂಚಿಗೆ ಒಂದು ಪಟ್ಟಿ ನಾನು ಕತ್ತರಿಸ್ತೀನಿ, ತಿರುವಲ್ಲಿ ಸ್ವಲ್ಪ ಅಗಲ. ಅದರ ಹಿಂದಿನದೆಲ್ಲ ನಿಮ್ಮದು. ಅಂಚು ನೀಟಾಗಿದ್ರೆ, ಒಳಗಿರೋದನ್ನ ಬೇಕಂತಲೇ ಬಿಟ್ಟಿದ್ದಾರೆ ಅಂತ ಜನಕ್ಕೆ ಗೊತ್ತಾಗುತ್ತೆ. ತಲೆ ಬಾಚ್ಕೊಂಡಿರೋ ಹುಚ್ಚರನ್ನ ಯಾರೂ ಹುಚ್ಚರು ಅನ್ನಲ್ಲ."

"ನನ್ನ ಹುಚ್ಚಿ ಅಂದ್ರಾ?"

"ತಲೆ ಚೆನ್ನಾಗಿ ಬಾಚಿದ್ದೀರಿ ಅಂದೆ."

ಅವರು ಕತ್ತರಿಸಿದ ಅಂಚು ದಾರ ಹಿಡಿದು ಎಳೆದಂತೆ ನೆಟ್ಟಗಿತ್ತು. ಮರುವಾರದಿಂದ ದೂರು ನಿಂತಿತು. ಕೆಲವರು ಕಾರು ನಿಲ್ಲಿಸಿ ಹೂವಿನ ಮುಂದೆ ಫೋಟೋ ತೆಗೆಸಿಕೊಂಡರು. ಗದರಿದ ಸಾಹೇಬರೇ ಬಂದವರಿಗೆಲ್ಲ, "ನಮ್ಮ ರಸ್ತೆ," ಎಂದು ತೋರಿಸತೊಡಗಿದರು.

ನನ್ನ ಹುಟ್ಟುಹಬ್ಬದ ದಿನ ಬೇರೆಯವರು ಹೂ ತಂದುಕೊಟ್ಟರು. ಇವರು ಹೂವಿಗೇ ಉಣಿಸಿದ್ದರು. ಒಂದು ಟ್ರೈಲರ್ ತುಂಬ ಕೊಟ್ಟಿಗೆ ಗೊಬ್ಬರ ತಂದು, ನನಗೆ ತಿಳಿಯದಂತೆ ಬದಿಯ ಉದ್ದಕ್ಕೂ ಹರಡಿ, ಹುಡುಗನಂತೆ ನಗುತ್ತಾ ನಿಂತಿದ್ದರು. ಆ ನಗು ನೋಡಿ, ಗೊಬ್ಬರ ಹಾಕಬಾರದಿತ್ತು ಎನ್ನಲು ಮನಸ್ಸಾಗಲಿಲ್ಲ. ಮುಂದಿನ ಹಂಗಾಮಿನಲ್ಲಿ ಹುಲ್ಲು ಸೊಂಟ ಮುಟ್ಟಿತು. ಗಿಲಕಿ ಗಿಡ ಎಷ್ಟು ಹುಡುಕಿದರೂ ಸಿಗಲಿಲ್ಲ.

"ಇವು ಬಡ ಮಣ್ಣಲ್ಲೇ ಬಾಳೋವು, ಡ್ರೈವರೇ. ನೆಲ ಕೊಬ್ಬಿದ್ರೆ ಹುಲ್ಲಿಗೇ ಹಬ್ಬ."

ಅವರು ತಲೆಯ ಮೇಲೆ ಕೈ ಹೊತ್ತು ಕುಳಿತರು. "ಪ್ರೀತಿ ಜಾಸ್ತಿ ಆಗೋಯ್ತು," ಎಂದರು. ಮಾತು ಹೊರಬಿದ್ದ ಮೇಲೆ ಇಬ್ಬರೂ ಟ್ರ್ಯಾಕ್ಟರಿನ ಚಕ್ರವನ್ನು ಬಹಳ ಆಸಕ್ತಿಯಿಂದ ನೋಡಿದೆವು.

ಅಂದಿನಿಂದ ಅವರು ಕತ್ತರಿಸಿದ ಹುಲ್ಲನ್ನು ಅಲ್ಲೇ ಕೊಳೆಯಲು ಬಿಡಲಿಲ್ಲ. ರಜೆಯ ದಿನವೂ ಬಂದು, ಹಲ್ಲುಕುಂಟೆಯಿಂದ ಎಳೆದು, ಕಟ್ಟು ಕಟ್ಟಿ, ಸಾಗಿಸಿದರು. ಹೊತ್ತು ಹಾಕಿದ ಗೊಬ್ಬರದ ಕೊಬ್ಬನ್ನು, ಅದನ್ನು ಹೀರಿದ ಹುಲ್ಲಿನ ಜೊತೆಗೆ, ಕಟ್ಟು ಕಟ್ಟಾಗಿ ಹೊತ್ತು ತೆಗೆದರು. ಮೂರನೆಯ ವರ್ಷ ತಿರುವಿನಲ್ಲಿ, ಎಲ್ಲೋ ಉಳಿದಿದ್ದ ಬೀಜದಿಂದ, ಒಂದು ಹಳದಿ ಹೂ ತಲೆಯೆತ್ತಿತು. ನನಗಾಗಿ ಇಷ್ಟು ಬೆವರು ಸುರಿಸಿದವರು ಬೇರೆ ಯಾರೂ ಇರಲಿಲ್ಲ. ಅಂದು ನನಗಾದ ಹೆಮ್ಮೆ ಇಂದಿಗೂ ಬಾಡಿಲ್ಲ.

ಆ ಗಿಡದ ಕಾಯೊಂದನ್ನು ಅವರು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಸದ್ದಾಗ್ತಿದೆಯಾ?"

"ಇಲ್ಲ."

"ಹಾಗಾದ್ರೆ ಇವತ್ತು ಕೇಳಲ್ಲ."

"ಏನನ್ನ?"

"ಬಲಿತ ಮೇಲೆ ಹೇಳ್ತೀನಿ," ಎಂದು ಟ್ರ್ಯಾಕ್ಟರ್ ಹತ್ತಿ ಹೊರಟೇಬಿಟ್ಟರು.

ವಾರ ವಾರವೂ ಇದೇ ಆಯಿತು. ಕಡೆಗೊಂದು ಬೆಳಿಗ್ಗೆ, ಅವರ ಬೆರಳಿನ ಡೀಸೆಲ್ ವಾಸನೆಯ ನಡುವೆ, ಗಿಲಗಿಲ ಎಂದಿತು.

"ಹೂಂ," ಎಂದೆ ನಾನು.

"ನಾನಿನ್ನೂ ಕೇಳೇ ಇಲ್ಲ ಮೇಡಂ!"

"ಸದ್ದಾಯ್ತಲ್ಲ."

ಮದುವೆಯಾದ ಮೇಲೂ ಅವರು ನನ್ನನ್ನು ಮೇಡಂ ಎಂದೇ ಕರೆದರು. ಕೋಪ ಬಂದ ದಿನ ಮಾತ್ರ, "ಲೇ".

ಅವರು ಹೋದ ಆ ದಿನ, ಸಂಜೆಯಾಗುತ್ತಿದ್ದಂತೆ ರಸ್ತೆಯ ಕಡೆಯಿಂದ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ನಾನು ಎದ್ದೆ. ಮಗಳು ತೋಳು ಹಿಡಿದಳು.

"ಅಮ್ಮಾ, ಪಾಪ, ಪ್ರೀತಿಯಿಂದ ಮಾಡ್ತಿದ್ದಾರೆ. ಇವತ್ತೊಂದಿನ ಬೇಡ ಅನ್ನಬೇಡ."

"ಪ್ರೀತಿ ಜಾಸ್ತಿಯಾದ್ರೆ ಏನಾಗುತ್ತೆ ಅಂತ ನಿಮ್ಮಪ್ಪ ಮೂರು ವರ್ಷ ಹುಲ್ಲು ಹೊತ್ತು ಕಲ್ತಿದ್ದಾರೆ. ಬಿಡು ಕೈನ."

ಹೋಗಿ ಟ್ರ್ಯಾಕ್ಟರಿನ ಎದುರಿಗೆ ನಿಂತೆ. ರಾಕೆಟ್ ಗಾಬರಿಯಾಗಿ ಎಂಜಿನ್ ನಿಲ್ಲಿಸಿದ. ಅವನ ವೇಗದ ಕೃಪೆ, ಆತ ಇನ್ನೂ ಶುರುವನ್ನೇ ಮಾಡಿರಲಿಲ್ಲ.

"ಇಳಿದು ಬಾರಪ್ಪ."

ಇಳಿದು ಬಂದ. ಒಂದು ಕಾಯಿ ಕಿತ್ತು ಅವನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. ಇನ್ನೊಂದು ಕಿತ್ತೆ. ಅದೂ ಮೂಕ.

ರಾಕೆಟ್ ಅಲ್ಲೇ ಕುಸಿದು ಕುಳಿತು ಬಿಕ್ಕಿಬಿಕ್ಕಿ ಅತ್ತ. "ಅವರೇ ಕಲಿಸಿದ್ದು ಅಮ್ಮಾ. ಕಿವಿಗೆ ಹಿಡಿದು ನೋಡದೆ ಬ್ಲೇಡ್ ಇಳಿಸಬೇಡ ಅಂತಿದ್ರು. ಇವತ್ತು ನನ್ನ ತಲೆ ಓಡಲಿಲ್ಲ."

"ಅಂಚು ಕತ್ತರಿಸು. ಒಂದೇ ಪಟ್ಟಿ, ಅವರ ಹಾಗೆ ನೆಟ್ಟಗೆ. ಹಿಂದಿನವೆಲ್ಲ ನಿಲ್ಲಲಿ. ಅವರನ್ನ ಕಳಿಸಿಕೊಡೋಕೆ ಅವೂ ನಿಲ್ಲಬೇಕಲ್ವಾ?"

ಮರುದಿನ ಅವರನ್ನು ಆ ದಾರಿಯಲ್ಲೇ ಕೊಂಡೊಯ್ದೆವು. ಎರಡೂ ಕಡೆ ದಾರ ಎಳೆದಂಥ ಅಂಚು. ಅದರ ಹಿಂದೆ ಹಳದಿ, ಬಿಳಿ, ನೇರಳೆ ಹೂಗಳು ಜನ ಸೇರಿದಂತೆ ಒತ್ತಾಗಿ ನಿಂತಿದ್ದವು. ಬದಿಗೆ ಸರಿದು ನಿಂತ ಬಸ್ಸಿನ ಕಿಟಕಿಯಿಂದ ಯಾರೋ ಕೇಳಿದರು, "ಯಾರು ಹೋಗಿದ್ದು? ತುಂಬಾ ದೊಡ್ಡವರಾ?"

"ಈ ರಸ್ತೆ ಯಜಮಾನ್ರು," ಎಂದ ರಾಕೆಟ್.

ನಾನು ತಲೆಯೆತ್ತಿ ನಡೆದೆ. ಅಳು ಬರುತ್ತಿತ್ತು, ಬರಲಿ ಎಂದು ಬಿಟ್ಟೆ. ತಲೆ ಮಾತ್ರ ತಗ್ಗಿಸಲಿಲ್ಲ.

ಕೆಲವು ವಾರಗಳ ನಂತರ, ಇಂದು ಬೆಳಿಗ್ಗೆ, ಪ್ರಾರ್ಥನೆಗೆ ಕೂರುವ ಮೊದಲೇ ತಿರುವಿಗೆ ಹೋಗಿ ಬಂದೆ. ಕಾಯಿಗಳೆಲ್ಲ ಕಂದುಬಣ್ಣಕ್ಕೆ ತಿರುಗಿದ್ದವು. ಒಂದನ್ನು ಕಿವಿಗೆ ಹಿಡಿದೆ. ಗಿಲಗಿಲ. "ಹೂಂ," ಎಂದೆ, ಕೇಳುವವರು ಪಕ್ಕದಲ್ಲಿಲ್ಲದಿದ್ದರೂ. ಬೀಜ ಉದುರಿದ ಮೇಲೆ ಕತ್ತರಿಸಿ, ಹುಲ್ಲು ಹೊತ್ತು ತೆಗೆ ಎಂದು ರಾಕೆಟ್‌ಗೆ ಹೇಳಿ ಕಳಿಸಿದ್ದೇನೆ.

ದೇವರೇ, ದುಡಿದ ಕೈ ಅದು, ಈಗ ವಿಶ್ರಾಂತಿ ಕೊಡು. ನಿನ್ನ ದಾರಿಗೂ ಅಂಚಿದ್ದರೆ ಅದನ್ನು ಅವರಿಗೆ ಒಪ್ಪಿಸು, ನೆಟ್ಟಗೆ ಇಟ್ಟುಕೊಳ್ಳುತ್ತಾರೆ. ಗೊಬ್ಬರ ಮಾತ್ರ ಕೊಡಬೇಡ. ಮೇಡಂ ಇನ್ನೂ ಬಲಿತಿಲ್ಲವಂತೆ, ಸದ್ದಾಗುವವರೆಗೆ ಕಾಯಬೇಕಂತೆ ಎಂದು ತಿಳಿಸು. ಕಾಯುವುದು ಅವರಿಗೆ ಚೆನ್ನಾಗಿ ಬರುತ್ತದೆ. ಅಲ್ಲಿಯವರೆಗೆ ಅವರ ಆತ್ಮ ನಿನ್ನ ನೆರಳಿನಲ್ಲಿ ಶಾಂತವಾಗಿರಲಿ.