ಡಾಕ್ಟರಮ್ಮನ ಸೊಂಟಪಟ್ಟಿ

"ನನಗೆ ಇಬ್ಬರನ್ನ ಹುಡುಕಿಕೊಡಬೇಕು," ಎಂದರು ಹಲ್ಲಿನ ಡಾಕ್ಟರಮ್ಮ, ಕುರ್ಚಿಯ ಅಂಚಿನಲ್ಲಿ ಕೂರುತ್ತಲೇ. "ಒಬ್ಬರಿಗೆ ಕೈ ಮುಗಿಯಬೇಕು. ಇನ್ನೊಬ್ಬರ ಕಿವಿ ಹಿಂಡಬೇಕು."

ಚಹಾ ತಂದಿಟ್ಟ ಸೊಸೆ ಅಲ್ಲೇ ನಿಂತಳು. ಅವಳದು ಕನ್ನಡಕದ ಅಂಗಡಿ. ಅತ್ತೆಯ ಬಳಿ ಇಂಥ ಕೇಸು ಬಂದ ದಿನ ಅಂಗಡಿಯ ಬಾಗಿಲು ತಡವಾಗಿಯೇ ತೆರೆಯುತ್ತಿತ್ತು. ಅತ್ತೆ ಬಂದರಿನ ಸುಂಕದ ಕಚೇರಿಯಲ್ಲಿ ಪ್ರಯಾಣಿಕರನ್ನು ತಪಾಸಣೆ ಮಾಡಿ ನಿವೃತ್ತರಾದವರು. ಯಾರು ಏನನ್ನು ಮೈಮೇಲೆ ಎಲ್ಲಿ ಇಟ್ಟುಕೊಂಡಿದ್ದಾರೆ ಎಂಬುದು ಅವರಿಗೆ ನಡಿಗೆಯಲ್ಲೇ ತಿಳಿಯುತ್ತಿತ್ತು.

ಡಾಕ್ಟರಮ್ಮನಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಬೆಳಗ್ಗೆ ಮೈದಾನಕ್ಕೆ ಓಡಲು ಹೋಗುವಾಗ ಸೊಂಟಕ್ಕೊಂದು ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಅದರ ಚೀಲದಲ್ಲಿ ಮೊಬೈಲು, ಕ್ಲಿನಿಕ್ಕಿನ ಕೀಲಿಕೈ, ಗ್ಲೂಕೋಸ್ ಮಾತ್ರೆ. ಜತೆಗೆ, 'ಬಿದ್ದಿದ್ದರೆ ಮಗ್ಗುಲಿಗೆ ಮಲಗಿಸಿ, ಮಾತ್ರೆ ಪುಡಿ ಮಾಡಿ ಒಸಡಿಗೆ ಹಚ್ಚಿ' ಎಂದು ಬರೆದ ಕಾರ್ಡು.

"ಕಳೆದ ವಾರ ಪಟ್ಟಿ ಬಿಚ್ಚಿ ಬೆಂಚಿನ ಮೇಲಿಟ್ಟು ಮೈ ಸಡಿಲ ಮಾಡ್ಕೋತಿದ್ದೆ. ತಿರುಗಿ ನೋಡಿದ್ರೆ ಇಲ್ಲ. ಇಟ್ಟೆ ಅಂತ ನಂಗೇ ಭ್ರಮೆ, ಕಾರಲ್ಲೇ ಬಿಟ್ಟಿರಬೇಕು, ಒಂದೇ ಸುತ್ತು ತಾನೇ ಅಂತ ಹೊರಟೆ. ಆಚೆ ತುದೀಲಿ ಕಣ್ಣು ಕತ್ತಲೆ ಬಂತು. ಎಚ್ಚರ ಆದಾಗ ಆಸ್ಪತ್ರೇಲಿದ್ದೆ. ಯಾರೋ ಒಸಡಿಗೆ ಗ್ಲೂಕೋಸ್ ಹಚ್ಚಿ, ಆಂಬ್ಯುಲೆನ್ಸ್ ಕರೆಸಿ, ಹೇಳದೆ ಕೇಳದೆ ಹೋಗಿಬಿಟ್ಟಿದ್ರು. ಇನ್ನು ಸ್ವಲ್ಪ ತಡ ಆಗಿದ್ರೆ ಕಷ್ಟ ಇತ್ತು ಅಂದ್ರು ಆಸ್ಪತ್ರೆಯವರು."

"ಪಟ್ಟಿ?" ಅತ್ತೆ ಕೇಳಿದರು.

"ಕಾರಲ್ಲೂ ಇಲ್ಲ, ಮನೇಲೂ ಇಲ್ಲ. ಅದರ ಹಿಂದಿನ ಭಾನುವಾರ ನಮ್ಮ ತಂಡ ಓಡಿದ ರಿಲೇ ಓಟದ ವಿಡಿಯೋ ಆ ಮೊಬೈಲಲ್ಲಿತ್ತು. ಆವತ್ತು ಸಂಜೆ ಎಲ್ಲರಿಗೂ ತೋರಿಸ್ತೀನಿ ಅಂದಿದ್ದೆ."

"ಬಾಯಲ್ಲಿ ಏನಾದ್ರೂ ರುಚಿ ಉಳಿದಿತ್ತಾ?" ಎಂದರು ಅತ್ತೆ.

ಇದೆಂಥ ಪ್ರಶ್ನೆ ಎಂದುಕೊಂಡಳು ಸೊಸೆ. ಡಾಕ್ಟರಮ್ಮ ಯೋಚಿಸಿ ಹೇಳಿದರು: "ಹುಣಸೆಹಣ್ಣಿನದು. ನಾನು ತರಿಸೋ ಮಾತ್ರೇದು ಅದೇ ರುಚಿ. ಈ ಊರಲ್ಲಿ ಅದು ಸಿಗೋದೇ ಇಲ್ಲ."

ಮಾರನೆಯ ಬೆಳಗ್ಗೆ ಅತ್ತೆ ಸೊಸೆ ಇಬ್ಬರೂ ಮೈದಾನದಲ್ಲಿದ್ದರು. ಡಾಕ್ಟರಮ್ಮ ಬಿದ್ದ ದಿನ ಅಲ್ಲಿಗೆ ಬಂದಿದ್ದ ತಂಡದವರು ಮೂವರೇ. ತರಬೇತುದಾರ ತನ್ನ ಕೀಲಿಕೈಯನ್ನು ಕಾಲುಚೀಲದೊಳಗೆ ತುರುಕಿಕೊಳ್ಳುತ್ತಿದ್ದ. ಬಸ್ ಡ್ರೈವರ್ ಮೊಬೈಲನ್ನು ತೋಳಿಗೆ ಬಿಗಿದು, ಕೀಲಿಕೈಯನ್ನು ಶೂ ಲೇಸಿಗೆ ಕಟ್ಟಿದ್ದ. ಮೂರನೆಯವನು ರಕ್ತಪರೀಕ್ಷೆಯ ಲ್ಯಾಬಿನವನು. ಲ್ಯಾಬಿನ ಬೀಗದ ಕೈಗಳ ದೊಡ್ಡ ಗೊಂಚಲನ್ನು ಜೇಬಿಗಿಳಿಸಿ ಝಲ್ ಝಲ್ ಎಂದು ಓಡುತ್ತಿದ್ದನಾದ್ದರಿಂದ ಎಲ್ಲರ ಬಾಯಲ್ಲೂ ಅವನು 'ಗೆಜ್ಜೆ'. ಭಾನುವಾರದ ರಿಲೇಯಲ್ಲಿ ಕೊನೆಯ ಓಟ ಓಡಿ ಗೆಲ್ಲಿಸಿದ್ದಕ್ಕೆ ಅವನನ್ನೇ ನಾಯಕನನ್ನಾಗಿ ಮಾಡಿದ್ದರು.

"ಆವತ್ತು ನಾನು ಗೇಟಿನ ಹತ್ರಾನೇ ಇದ್ದೆ. ಆಂಬ್ಯುಲೆನ್ಸ್ ಒಳಗೆ ಬಿಟ್ಟಿದ್ದೂ ನಾನೇ," ಎಂದ ತರಬೇತುದಾರ.

"ನಾನು ಕಾಲು ಉಳುಕಿಸ್ಕೊಂಡು ಇವರ ಪಕ್ಕದಲ್ಲೇ ಕೂತಿದ್ದೆ," ಎಂದ ಡ್ರೈವರ್. "ಗೆಜ್ಜೆ ಬಂದಿಲ್ಲ ಅಂದ್ಕೊಂಡಿದ್ದೆ. ಸದ್ದೇ ಇರಲಿಲ್ಲ. ಆಮೇಲೆ ನೋಡಿದ್ರೆ ಬೆಂಚಿನ ಕಡೆಯಿಂದ ಓಡಿ ಹೋದ."

ಅತ್ತೆ ತಲೆಯಾಡಿಸಿ, ಆಂಬ್ಯುಲೆನ್ಸಿನವರ ಕಚೇರಿಗೆ ಹೋಗಿ ಒಂದೇ ಒಂದು ವಿಷಯ ವಿಚಾರಿಸಿಕೊಂಡು ಬಂದರು.

ಸಂಜೆ ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಎಲ್ಲರೂ ಸೇರಿದರು. ಹಲ್ಲುನೋವಿನವರು ಕೂರುವ ಬೆಂಚಿನ ಮೇಲೆ ಮೂವರೂ ಹಲ್ಲುನೋವಿನವರಂತೆಯೇ ಮುಖ ಮಾಡಿಕೊಂಡು ಕೂತಿದ್ದರು.

"ಡಾಕ್ಟರಮ್ಮ, ಇಬ್ಬರನ್ನ ಹುಡುಕಿಕೊಡಿ ಅಂದ್ರಿ," ಎಂದು ಅತ್ತೆ ಶುರುಮಾಡಿದರು. "ಇರೋದು ಒಬ್ಬರೇ. ಪಟ್ಟಿ ಹೋದದ್ದು ನೀವು ಓಡೋಕ್ಕೆ ಮುಂಚೆ. ನಿಮ್ಮ ಬಾಯಿಗೆ ಬಂದ ಮಾತ್ರೆ ಈ ಊರಲ್ಲಿ ಸಿಗದೇ ಇರೋದು, ಅಂದ್ರೆ ಆ ಪಟ್ಟೀದೇ. ಆಂಬ್ಯುಲೆನ್ಸ್‌ಗೆ ಕರೆ ಹೋಗಿದ್ದೂ ನಿಮ್ಮ ಮೊಬೈಲಿಂದಾನೇ. ಬೀಗ ಹಾಕಿದ ಫೋನಲ್ಲೂ ಆ ಕರೆ ಮಾಡಬಹುದು. ಅಲ್ಲಿಗೆ, ಕದ್ದವರೇ ಕಾಪಾಡಿದವರು."

ಅತ್ತೆ ಬೆಂಚಿನ ಕಡೆ ತಿರುಗಿದರು.

"ಯಾರು ಅಂತ? ಇವರಿಬ್ಬರೂ ಗೇಟಿನ ಹತ್ತಿರ ಒಬ್ಬರ ಕಣ್ಣೆದುರು ಒಬ್ಬರಿದ್ರು. ಉಳಿದವರು ದಿನಾ ಸದ್ದು ಮಾಡ್ಕೊಂಡು ಓಡೋರು, ಆವತ್ತೊಂದಿನ ಕೀಲಿಗೊಂಚಲು ಬಿಟ್ಟು ಬಂದಿದ್ರು. ಸದ್ದಾಗದ ಹಾಗೆ ಬೆಂಚಿನ ಹತ್ತಿರ ಹೋಗಬೇಕಿತ್ತು. ಸಂಜೆ ತೋರಿಸಬೇಕಿದ್ದ ವಿಡಿಯೋದಲ್ಲಿ ಅವರಿಗೆ ಬೇಡದ್ದು ಏನೋ ಇತ್ತು."

ಗೆಜ್ಜೆ ಎದ್ದು ನಿಂತ. ಶರ್ಟಿನೊಳಗಿಂದ ಪಟ್ಟಿಯನ್ನು ತೆಗೆದು ಡಾಕ್ಟರಮ್ಮನ ಮುಂದಿಟ್ಟ.

"ರಿಲೇಲಿ ತಿರುವು ಬಿಟ್ಟು ಹುಲ್ಲಿನ ಮೇಲೆ ಅಡ್ಡ ಹಾಯ್ದೆ," ಎಂದ. "ಯಾರೂ ನೋಡಿಲ್ಲ ಅಂದ್ಕೊಂಡಿದ್ದೆ, ನಿಮ್ಮ ಕೈಲಿ ಮೊಬೈಲು ಕಾಣಿಸ್ತು. ಎಲ್ಲರೂ ಭುಜ ತಟ್ಟಿ ನಾಯಕ ಅಂತಿದ್ರು, ಬಾಯಿ ಬರಲಿಲ್ಲ. ಪಟ್ಟಿ ಎತ್ಕೊಂಡು ಮರದ ಹಿಂದೆ ಹೋಗಿ ತೆಗೆದ್ರೆ ಆ ಕಾರ್ಡು ಸಿಕ್ತು. ಓದಿದ್ದೇ ಬೆಂಚಿನ ಕಡೆ ಓಡಿ ಬಂದೆ. ನೀವಾಗಲೇ ಹೊರಟುಬಿಟ್ಟಿದ್ರಿ. ಜನ್ಮದಲ್ಲಿ ಹಾಗೆ ಓಡಿರಲಿಲ್ಲ."

ಡ್ರೈವರ್ ತನ್ನ ಉಳುಕಿದ ಕಾಲನ್ನೇ ನೋಡುತ್ತ ಕೂತಿದ್ದ.

"ಗೆದ್ದ ಕಪ್ಪನ್ನ ನಾಳೆ ನಾನೇ ಎರಡನೇ ಬಂದ ತಂಡಕ್ಕೆ ಒಪ್ಪಿಸಿ, ನಿಜ ಹೇಳಿ ಬರ್ತೀನಿ. ಆಂಬ್ಯುಲೆನ್ಸ್ ಬರೋವರೆಗೂ ನಿಮ್ಮ ಉಸಿರನ್ನೇ ನೋಡ್ತಾ ಕೂತಿದ್ದೆ. ಇವರೊಬ್ಬರು ಉಳೀಲಿ, ನಾನು ಸಿಕ್ಕಿಬಿದ್ರೂ ಪರವಾಗಿಲ್ಲ ಅಂತ ಬೇಡ್ಕೋತಿದ್ದೆ. ಆಮೇಲೆ ಧೈರ್ಯ ಸಾಲದೆ ಓಡಿಹೋದೆ."

ಕಿವಿ ಹಿಂಡಬೇಕು ಎಂದಿದ್ದ ಡಾಕ್ಟರಮ್ಮ ಎದ್ದು ಅವನ ಹತ್ತಿರ ಬಂದರು. ಡಾಕ್ಟರಮ್ಮ ಅವನ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. ಅವರ ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವೂ ಇತ್ತು.

"ನೀವು ಬೇಡ್ಕೊಂಡಿದ್ದು ಎರಡೂ ಆಯ್ತಲ್ಲಪ್ಪ," ಎಂದರು. "ನೀವು ಸಿಕ್ಕಿಬಿದ್ರಿ. ನಾನು ಉಳ್ಕೊಂಡೆ."