ಕಳುವಾದ ಅಲಾರಂ

ಸೋಮವಾರ ಸಂಜೆ ಠಾಣೆಗೆ ಬಂದ ದೂರು ಕೇಳಿ ಇನ್‌ಸ್ಪೆಕ್ಟರ್ ಕಾಂತರಾಜ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಏನು ಕಳುವಾಗಿದೆ ಅಂದ್ರಿ?"

"ಅಲಾರಂ ಸರ್. ಕಳ್ಳರು ಬಂದ್ರೆ ಕೂಗ್ಕೊಳ್ಳೋ ಅಲಾರಂ."

ಹೇಳಿದವರು ಗೋಪಾಳ ಬಡಾವಣೆಯ ವಿಜಯೇಂದ್ರ. ಟೈಲ್ಸ್ ಅಂಗಡಿಯ ಯಜಮಾನರು. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಜಯಶೀಲಾ ಕಾಲೇಜಿನಲ್ಲಿ ಪಾಠ ಹೇಳುವವರು.

"ಚಿನ್ನ, ಬೆಳ್ಳಿ?"

"ಒಂದು ಚಮಚಾನೂ ಹೋಗಿಲ್ಲ."

ದೂರು ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ಇಂಪನಾಗೆ ನಗು ಉಕ್ಕಿ ಬಂತು. ತಲೆ ತಗ್ಗಿಸಿ ತಡೆದುಕೊಂಡಳು. ಅವಳದು ಮೊದಲಿನಿಂದಲೂ ಮಾತು ಕಡಿಮೆ, ನೋಟ ಜಾಸ್ತಿ. ನಾಲ್ಕು ಜನರೆದುರು ಬಾಯಿ ತೆರೆಯಲು ಈಗಲೂ ಹಿಂಜರಿಕೆ.

"ನಗೋ ವಿಷಯ ಅಲ್ಲಮ್ಮ ಇದು," ಎಂದರು ವಿಜಯೇಂದ್ರ. "ಮೊದಲು ಅಲಾರಂ ಕಿತ್ತಿದ್ದಾರೆ, ಆಮೇಲೆ ಬೀರುಗೆ ಬರ್ತಾರೆ. ಯಾರು ಅಂತಾನೂ ಗೊತ್ತು. ಕೆಲಸದ ಲಿಂಗಮ್ಮ. ಕೀ ಎಲ್ಲಿರುತ್ತೆ, ಅಲಾರಂ ಆಫ್ ಮಾಡೋ ನಂಬರ್ ಏನು, ಎಲ್ಲಾ ಅವಳಿಗೆ ಗೊತ್ತು."

"ರೀ, ನೋಡ್ದೇ ಹೇಳ್ಬೇಡಿ," ಎಂದರು ಜಯಶೀಲಾ. ಅವರ ದನಿಯಲ್ಲಿ ಬಲವಿರಲಿಲ್ಲ.

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರಡಿ ಎಫ್‌ಐಆರ್ ದಾಖಲಾಯಿತು.

ಮರುದಿನ ಬೆಳಿಗ್ಗೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಬಾಗಿಲಿನ ಬೀಗ ಒಡೆದಿರಲಿಲ್ಲ. ಗುಂಡ ಎಂಬ ಮುದಿ ನಾಯಿ ಬಂದವರ ಬೂಟನ್ನೆಲ್ಲ ಮೂಸಿ, ಇನ್‌ಸ್ಪೆಕ್ಟರರ ಕಾಲಿನ ಮೇಲೆ ತಲೆಯಿಟ್ಟು ಮಲಗಿತು. ಪುಟ್ಟಿ ಎಂಬ ಬೆಕ್ಕು ಫ್ರಿಜ್ಜಿನ ನೆತ್ತಿಯ ಮೇಲಿಂದ ಎಲ್ಲರನ್ನೂ ನೋಡುತ್ತಿತ್ತು.

"ಹಳೇ ಅಲಾರಂ ಇವೆರಡು ಓಡಾಡಿದ್ರೂ ಕೂಗ್ತಿತ್ತು," ಜಯಶೀಲಾ ವಿವರಿಸಿದರು. "ಹೋದ ತಿಂಗಳು ಹೊಸದು ಹಾಕಿಸಿದ್ವಿ. ನಾಯಿ ಬೆಕ್ಕು ನೆಲದ ಮೇಲೆ ಓಡಾಡಿದ್ರೆ ಇದು ಲೆಕ್ಕಕ್ಕೆ ತಗೊಳ್ಳಲ್ಲ."

"ಆಮೇಲೆ ಕೂಗೋದು ನಿಲ್ತಾ?"

"ಎಲ್ಲಿ ನಿಲ್ಲುತ್ತೆ ಸರ್! ಇವಳು ಫ್ರಿಜ್ ಹತ್ತುತ್ತಾಳೆ. ಸೆನ್ಸರ್ ಇದ್ದಿದ್ದು ಸರಿಯಾಗಿ ಅದರ ಎದುರಿಗೆ. ಬೇರೆ ಕಡೆ ಹಾಕ್ತೀವಿ ಅಂತ ಅಲಾರಂ ಕೂರಿಸೋಕೆ ಬಂದವರು ಹೇಳಿದ್ರು. ಬೀರು ಇರೋ ಕೋಣೆ ಬಾಗಿಲಿಗೆ ಅದೇ ಜಾಗ ಬೇಕು ಅಂತ ಇವರು ಹಟ ಹಿಡಿದ್ರು."

"ನೀವು ಮನೇಲಿ ಇಲ್ಲದಾಗ ಕೂಗಿದ್ರೆ?"

ಜಯಶೀಲಾ ತಡವರಿಸಿದರು. "ಯಾರಿಗಾದ್ರೂ ಫೋನ್ ಮಾಡ್ತಿದ್ದೆ. ಕೀ ಮೀಟರ್ ಬಾಕ್ಸ್ ಹಿಂದೆ ಇದೆ, ಈ ನಂಬರ್ ಒತ್ತಿ ಆಫ್ ಮಾಡಿ ಅಂತ."

"ಯಾರ್ಯಾರಿಗೆ?"

"ಲಿಂಗಮ್ಮಂಗೆ. ಪಕ್ಕದ್ಮನೆ ವಿಮಲಮ್ಮಂಗೆ. ಇಸ್ತ್ರಿಯವನಿಗೆ. ಎದುರು ಮನೆ ಅಜ್ಜನಿಗೆ. ಒಂದ್ಸಲ ಹೂವಿನವಳಿಗೆ."

"ಸಿಲಿಂಡರ್ ತರೋನಿಗೆ?"

"ಅವನಿಗೆ ಒಂದೇ ಸಲ ಸರ್."

ಕಾಂತರಾಜ್ ವಿಜಯೇಂದ್ರರ ಕಡೆ ತಿರುಗಿದರು. "ಇಡೀ ಕ್ರಾಸಿಗೆ ಗೊತ್ತಿರೋ ನಂಬರ್ ಇಟ್ಕೊಂಡು ಒಬ್ಬಳ ಹೆಸರು ಹೇಳ್ತೀರಲ್ಲ ಮಾರಾಯ್ರೇ!"

ಇಂಪನಾ ಗೋಡೆ ನೋಡುತ್ತಿದ್ದಳು. ಅಲಾರಂ ಪೆಟ್ಟಿಗೆಯನ್ನು ಅವಸರದಲ್ಲಿ ಕಿತ್ತಿರಲಿಲ್ಲ. ತಿರುಪುಗಳನ್ನೆಲ್ಲ ಒಂದು ಲೋಟಕ್ಕೆ ಹಾಕಿ, ಪ್ರಾಣಿಗಳ ಬಾಯಿಗೆ ಸಿಗದಂತೆ ಮೇಲಿನ ಶೆಲ್ಫಿನಲ್ಲಿ ಇಟ್ಟಿದ್ದರು. ಕತ್ತರಿಸಿದ ತಂತಿಗಳ ತುದಿಗೆ ಬಟ್ಟೆಯಂತೆ ನೇಯ್ದ ಬಿಳಿಯ ಟೇಪು ಸುತ್ತಿದ್ದರು. ಆ ಟೇಪಿನ ಒಂದು ತುಂಡನ್ನು ಜಪ್ತಿ ಮಾಡಲಾಯಿತು. ಹೊರಗೋಡೆಯ ಮೇಲೆ ಸೈರನ್ ಇದ್ದ ಜಾಗದಲ್ಲಿ ಚೌಕಾಕಾರದ ಗುರುತು ಉಳಿದಿತ್ತು. ಅದಕ್ಕೆ ಎದುರಾಗಿ, ಎರಡು ಮಾರು ದೂರದಲ್ಲಿ, ಪಕ್ಕದ ಮನೆಯ ಕಿಟಕಿ. ಕಿಟಕಿಗೆ ಒಳಗಿನಿಂದ ಕಂಬಳಿ ಹೊಡೆದು ಮುಚ್ಚಿದ್ದರು.

ಗೇಟಿನ ಹೊರಗೆ ಲಿಂಗಮ್ಮ ನಿಂತಿದ್ದಳು. ಒಳಗೆ ಕರೆದರೂ ಬರಲಿಲ್ಲ.

"ಅಲ್ಲಿ ಕಾಲಿಟ್ಟು ಇನ್ನೊಂದು ಮಾತು ಬರೋದು ಬೇಡ ಮೇಡಂ. ನಾನು ಮಾಡೋದು ಮೂರು ಮನೆ. ಮೂರು ಮನೆಯೋರೂ ಈ ವಾರ ಬರ್ಬೇಡ ಅಂದ್ರು. ಕಳ್ಳಿ ಅಂತ ಬಾಯಿಬಿಟ್ಟು ಯಾರೂ ಅನ್ನಲಿಲ್ಲ. ಅಂದಿದ್ರೆ ತಿರುಗಿಸಿ ನಾಲ್ಕು ಮಾತು ಆಡ್ತಿದ್ದೆ."

"ಆ ಅಲಾರಂ ಕದ್ದು ಯಾರು ಏನು ಮಾಡ್ತಾರೆ ಲಿಂಗಮ್ಮ?" ಇಂಪನಾ ಮೆಲ್ಲಗೆ ಕೇಳಿದಳು.

"ನನ್ನ ಮನೆ ನೋಡಿದೀರಾ? ಅಲ್ಲಿಗೆ ಅಲಾರಂ ಹಾಕಿದ್ರೆ, ಕಾಯೋಕೆ ಅಂತ ಅಲಾರಂ ಒಂದೇ ಇರುತ್ತೆ." ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಮಧ್ಯಾಹ್ನ ಇಂಪನಾ ಟೇಪಿನ ತುಂಡು ಹಿಡಿದು ದುರ್ಗಿಗುಡಿಯ ಎಲೆಕ್ಟ್ರಿಕಲ್ ಅಂಗಡಿಗೆ ಹೋದಳು.

"ಗ್ಲಾಸ್ ಟೇಪಿದು. ಬೆಂಕಿಗೂ ಬಗ್ಗಲ್ಲ," ಎಂದ ಅಂಗಡಿಯವನು. "ಮನೆ ವೈರಿಂಗಿಗೆ ಇದನ್ನ ಯಾರು ಸುತ್ತುತ್ತಾರೆ ಮಾರಾಯ್ತಿ!" ಸಮವಸ್ತ್ರ ಕಂಡು ನಾಲಿಗೆ ಕಚ್ಚಿಕೊಂಡ. "ಮೇಡಂ. ಮಾಚೇನಹಳ್ಳಿ ಫೌಂಡ್ರಿಯೋರು ಲೋಹ ಕರಗಿಸೋ ಕುಲುಮೆಯ ಕಾಯಿಲ್ ತಂತಿಗೆ ಸುತ್ತುತ್ತಾರೆ."

ಬುಧವಾರ ಬೆಳಿಗ್ಗೆ ಕಾಂತರಾಜ್ ಮತ್ತು ಇಂಪನಾ ಕಂಬಳಿ ಕಿಟಕಿಯ ಮನೆಯ ಬಾಗಿಲು ತಟ್ಟಿದರು. ವಿಮಲಮ್ಮ ಬಾಗಿಲು ತೆರೆದವರೇ ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ ಸರ್. ಮಗ ಸುದೀಪ ಮಲಗಿದ್ದಾನೆ. ಮಾಚೇನಹಳ್ಳೀಲಿ ರಾತ್ರಿ ಪಾಳಿ, ಕುಲುಮೆ ಕೆಲಸ. ಎರಡು ದಿನದಿಂದ ಕಣ್ತುಂಬ ನಿದ್ದೆ ಮಾಡ್ತಿದ್ದಾನೆ."

"ಅದಕ್ಕೆ ಮುಂಚೆ?"

"ಎಲ್ಲಿ ಬಿಡುತ್ತಿತ್ತು ಆ ದರಿದ್ರದ್ದು! ಕಣ್ಣು ಮುಚ್ಚಿದ ಅಂದ್ರೆ ಕೂಗೋದು."

ಇನ್‌ಸ್ಪೆಕ್ಟರ್ ಎಬ್ಬಿಸಲು ಹೇಳಲಿಲ್ಲ. ಮನೆಯ ಮುಂದೆ ಮಫ್ತಿಯಲ್ಲಿ ಒಬ್ಬನನ್ನು ಬಿಟ್ಟು ಜೀಪು ಮಾಚೇನಹಳ್ಳಿಗೆ ತಿರುಗಿಸಿದರು. ಫೌಂಡ್ರಿಯ ಸೂಪರ್‌ವೈಸರ್ ಹೇಳಿದ್ದು ಇಷ್ಟು: ಸುದೀಪ್ ಒಳ್ಳೆಯ ಕೆಲಸಗಾರ. ಈಚೆಗೆ ನಿಂತಲ್ಲೇ ತೂಕಡಿಸುತ್ತಿದ್ದ. ಅವನ ಜೊತೆಯ ಮುರಳಿಗೆ ಹೋದ ವಾರ ಕಾಲು ಸುಟ್ಟಿದ್ದು, ರಜೆಯ ಮೇಲೆ ಭದ್ರಾವತಿಯ ಮನೆಯಲ್ಲಿದ್ದಾನೆ.

ಭದ್ರಾವತಿಯಲ್ಲಿ ಮುರಳಿ ಪಾದಕ್ಕೆ ಪಟ್ಟಿ ಸುತ್ತಿಕೊಂಡು ಜಗಲಿಯ ಮೇಲೆ ಕೂತಿದ್ದ.

"ಲೋಹ ಹೊಯ್ಯೋವಾಗ ಸುದೀಪ ಕಣ್ಮುಚ್ಚಿಬಿಟ್ಟ ಸರ್. ಚೆಲ್ಲಿತು. ಶೂ ಇತ್ತು, ಕಾಲು ಉಳೀತು. ಅವನಂತೂ ಮಗು ಥರ ಅತ್ತ."

"ಸೋಮವಾರ ಇಲ್ಲಿಗೆ ಬಂದಿದ್ನಾ?"

"ಬಂದಿದ್ದ. ಒಂದು ಚೀಲ ಕೊಟ್ಟು, ತೆಗೀಬೇಡ ಅಂದ."

ಚೀಲವನ್ನು ಪಂಚರೆದುರು ಬಿಚ್ಚಿದರು. ಹತ್ತಿಯ ಚೂರುಗಳ ನಡುವೆ ಅಲಾರಂ ಪೆಟ್ಟಿಗೆ, ಸೈರನ್ ಎರಡೂ ಇದ್ದವು. ಕಾಂತರಾಜ್ ಸೈರನ್ ಎತ್ತಿ ತಿರುಗಿಸಿದ್ದೇ ತಡ, ಒಳಗಿನ ಬ್ಯಾಟರಿಗೆ ಎಲ್ಲಿ ಏನು ತಗುಲಿತೋ, ಅದು ಕಿರುಚತೊಡಗಿತು. ಬೀದಿಯವರೆಲ್ಲ ಹೊರಗೆ ಬಂದರು. ಪಂಚರಲ್ಲೊಬ್ಬ ಮಹಜರಿನ ಹಾಳೆಗಳನ್ನು ಕೆಳಗೆ ಬಿಟ್ಟು ಕಿವಿ ಮುಚ್ಚಿಕೊಂಡ. ಇಂಪನಾ ಅದರ ಮೇಲೆ ದಿಂಬು ಒತ್ತಿ ಹಿಡಿದು, ಹೇಗೋ ಬ್ಯಾಟರಿ ಎಳೆದು ಹಾಕಿದಳು.

"ದಿನಕ್ಕೆ ನಾಲ್ಕು ಸಲ ಇದು ಸರ್. ಸುದೀಪನ ತಲೆದಿಂಬಿನ ಹತ್ರ," ಎಂದ ಮುರಳಿ.

ಸಂಜೆ ಎದ್ದು ಮುಖ ತೊಳೆಯುತ್ತಿದ್ದ ಸುದೀಪ್‌ನನ್ನು ಠಾಣೆಗೆ ಕರೆತಂದರು.

"ಪಕ್ಕದ ಮನೆಗೆ ಹೋಗಿದ್ದೆಯಾ?"

"ಇಲ್ಲ ಸರ್."

"ಕೀ ಎಲ್ಲಿರುತ್ತೆ ಗೊತ್ತಾ?"

"ಗೊತ್ತಿಲ್ಲ."

ಕಾಂತರಾಜ್ ಕಣ್ಸನ್ನೆ ಮಾಡಿದರು. ಇಂಪನಾ ಗಂಟಲು ಸರಿಮಾಡಿಕೊಂಡಳು. "ಲಿಂಗಮ್ಮಂಗೆ ಮೂರು ಮನೆ ಕೆಲಸ ಹೋಗಿದೆ. ಕದ್ದವಳು ಅವಳೇ ಅಂತ ಹೇಳ್ತಿದ್ದಾರೆ."

ಸುದೀಪ್ ತಟ್ಟನೆ ತಲೆಯೆತ್ತಿದ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಕುಲುಮೆ. ಬೀದಿಯ ಸುದ್ದಿ ಅವನ ಕಿವಿಗೆ ಬಿದ್ದಿರಲಿಲ್ಲ.

"ಲಿಂಗಮ್ಮಕ್ಕಂಗಾ? ಅವರಿಗೇನು ಸಂಬಂಧ! ನಾನೇ ಮೇಡಂ, ನಾನೇ ತೆಗೆದಿದ್ದು. ಅಮ್ಮಂಗೂ ಗೊತ್ತಿಲ್ಲ. ಸೈರನ್ ಆ ಕಡೆ ತಿರುಗಿಸಿ ಅಂತ ವಿಜಯೇಂದ್ರ ಸಾಹೇಬ್ರನ್ನ ಕೇಳ್ಕೊಂಡೆ. ಜೋರಾಗಿ ಕೂಗಿದ್ರೆ ತಾನೇ ಅಲಾರಂ ಅಂದ್ರು. ಹೊಸದು ಹಾಕಿಸ್ತೀವಿ, ತಡ್ಕೋ ಅಂದ್ರು. ಹೊಸದು ಇನ್ನೂ ಜೋರು. ಅವತ್ತು ಮುರಳಿ ಕಾಲು ಹೋಗ್ತಿತ್ತು. ನಾಳೆ ಯಾರದಾದ್ರೂ ಜೀವ ಹೋಗ್ತಿತ್ತು."

ಹೇಳಿಕೆ ಬರೆದುಕೊಂಡು ಬಂಧನ ಪತ್ರಕ್ಕೆ ಸಹಿ ಹಾಕಿಸಿದರು. ಸಹಿ ಹಾಕುವಾಗ ಸುದೀಪ್ ಬೆನ್ನ ಮೇಲಿನ ಮೂಟೆ ಇಳಿಸಿದವನಂತೆ ಉಸಿರು ಬಿಟ್ಟ. ಅವನಿಗೆ ಬೇಕಾಗಿದ್ದದ್ದು ಆ ಪೆಟ್ಟಿಗೆಯಲ್ಲ, ಕುಲುಮೆಯ ಮುಂದೆ ಕಣ್ಣು ತೆರೆದು ನಿಲ್ಲುವಷ್ಟು ನಿದ್ದೆ. ನ್ಯಾಯಾಲಯದಲ್ಲಿ ಜಾಮೀನಿಗೆ ತಕರಾರು ಇಲ್ಲವೆಂದು ಜಯಶೀಲಾ ತಾವೇ ಬಂದು ಹೇಳಿ ಹೋದರು. ವಿಜಯೇಂದ್ರ ಜೀಪಿನ ಪಕ್ಕದಲ್ಲೇ ನಿಂತಿದ್ದರು, ಒಳಗೆ ಬರಲಿಲ್ಲ.

ಲಿಂಗಮ್ಮನನ್ನು ಕರೆಸಿ ಬೆಂಚಿನ ಮೇಲೆ ಕೂರಿಸಿದರು. ಕಾಂತರಾಜ್ ಅವಳೆದುರೇ ಮೂರೂ ಮನೆಗಳಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದರು. "ಠಾಣೆಯಿಂದ ಮಾತಾಡ್ತಿದೀನಿ. ಲಿಂಗಮ್ಮನವರದು ಯಾವ ತಪ್ಪೂ ಇಲ್ಲ. ಆರೋಪಿ ಸಿಕ್ಕಿದ್ದಾನೆ."

ಮೊದಲ ಮನೆಯವರು ಸರಿ ಸರ್ ಎಂದರು. ಎರಡನೆಯವರು ನಾವೇನೂ ಅನ್ನಲೇ ಇಲ್ಲವಲ್ಲ ಎಂದರು. ಲಿಂಗಮ್ಮ ಮೂಗು ಮುರಿದಳು. ಮೂರನೆಯ ಫೋನು ಜಯಶೀಲಾಗೆ.

"ತಪ್ಪಾಯ್ತು ಲಿಂಗಮ್ಮ. ನಾಳೆ ಬೆಳಿಗ್ಗೆ ಬಾರೆ," ಎಂದರು ಜಯಶೀಲಾ.

ಲಿಂಗಮ್ಮ ಫೋನಿನ ಹತ್ತಿರ ಬಗ್ಗಿದಳು.

"ನಾಳೆ ಬರಲ್ಲಮ್ಮ, ನಾಡಿದ್ದು ಬರ್ತೀನಿ. ಸೋಮವಾರದಿಂದ ಕಣ್ಣು ಮುಚ್ಚಿಲ್ಲ ನಾನು. ನಾಳೆ ಮಲಗ್ತೀನಿ."